ಗೀಸರ್ ಟ್ಯಾಂಕ್ ಒಡೆಯುವುದು ನಿಂತಿದ್ದು ಹೀಗೆ: ನನ್ನ ಅನುಭವ

ಎರಡು-ಮೂರು ಚಳಿಗಾಲ ಕಳೆಯಿತು, ನಮ್ಮ ಪಿ.ಜಿ.ಯಲ್ಲಿ ಒಂದು ಗೀಸರ್ ಟ್ಯಾಂಕೂ ಒಡೆದಿಲ್ಲ. ಅದಕ್ಕೆ ಮೊದಲು ವರ್ಷಕ್ಕೆ ಮೂರು-ನಾಲ್ಕು ಗುಜರಿಗೆ ಹೋಗುತ್ತಿದ್ದವು. ನಾನು ಮಾಡಿದ ಕೆಲಸ ನೋಡಿ ನಕ್ಕ ಪ್ಲಂಬರೇ ಈಗ ತನ್ನ ಬೇರೆ ಗಿರಾಕಿಗಳ ಮನೆಯಲ್ಲಿ ಅದನ್ನೇ ಹಾಕುತ್ತಿದ್ದಾನೆ, ಅದೂ ನನಗಿಂತ ಡಬಲ್ ರೇಟಿಗೆ. ಅದಕ್ಕೇ ಇಷ್ಟು ಬರೆಯೋಣ ಅನ್ನಿಸಿತು.

ನಮ್ಮದು ಬೆಂಗಳೂರಿನ ನಾಗರಬಾವಿ ಕಡೆ ನಾಲ್ಕು ಮಹಡಿ ಕಟ್ಟಡ. ಹನ್ನೆರಡು ಬಾತ್‌ರೂಮ್, ಎಲ್ಲದಕ್ಕೂ 15 ಲೀಟರ್ ಗೀಸರ್. ಕಾವೇರಿ ನೀರು ಸಾಲುವುದಿಲ್ಲ, ಹಾಗಾಗಿ ಬೋರ್, ಬೇಸಿಗೆಯಲ್ಲಿ ಟ್ಯಾಂಕರ್. ಬೋರ್ ನೀರಿನ ಗಡಸುತನ ಕಿಟ್‌ನಲ್ಲಿ ನೋಡಿದರೆ ಲೀಟರ್‌ಗೆ 600 ಮಿಲಿಗ್ರಾಂ ದಾಟುತ್ತದೆ. ಕುಡಿಯುವ ನೀರಿಗೆ ಬಿಐಎಸ್ (ಭಾರತದ ಮಾನಕ ಸಂಸ್ಥೆ) ಒಪ್ಪುವುದು 200, ಬೇರೆ ದಾರಿಯೇ ಇಲ್ಲದಿದ್ದರೆ 600. ಟ್ಯಾಂಕ್ ಒಡೆದಾಗಲೆಲ್ಲ ಬಂದವರು ಹೇಳುತ್ತಿದ್ದದ್ದು ಒಂದೇ ಮಾತು, 'ಬೋರ್ ನೀರು ಸಾರ್, ಏನೂ ಮಾಡಕ್ಕಾಗಲ್ಲ.' ವಾರಂಟಿ ಕೇಳಿದರೂ ಅದೇ ಉತ್ತರ. ಆದರೆ ಬೋರ್ ನೀರು ಮೊದಲಿಂದಲೂ ಇತ್ತು. ಒಡೆಯಲು ಶುರುವಾದದ್ದು ಮೇಲಿನ ಮಹಡಿಗೆ ಶವರ್ ಬರುತ್ತಿಲ್ಲ ಅಂತ ಪ್ರೆಶರ್ ಪಂಪ್ ಹಾಕಿಸಿದ ಮೇಲೆ. ಇದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಒಂದು ಟ್ಯಾಂಕ್ ಹೋದರೆ ಹೊಸ ಗೀಸರ್ ಏಳೆಂಟು ಸಾವಿರ, ಕೂಲಿ ಐನೂರು, ಕೆಳಗಿನ ರೂಮಿನ ಸೀಲಿಂಗ್ ನೆನೆದರೆ ಅದು ಬೇರೆ. ಗುಜರಿಯವನು ಕೊಡುವುದು ಐನೂರು-ಆರುನೂರು. ಹುಡುಗರು ಬೆಳಿಗ್ಗೆ ಬಿಸಿನೀರಿಲ್ಲ ಅಂತ ಬಾಡಿಗೆಯಲ್ಲಿ ಕಡಿತ ಕೇಳುವುದನ್ನು ನಾನು ಲೆಕ್ಕಕ್ಕೇ ಹಿಡಿದಿಲ್ಲ.

ಮೊದಲು ರಿಪೇರಿಯ ದಾರಿ ಹಿಡಿದೆ. ತೂತಿಗೆ ಹೊರಗಿಂದ ಎಂ-ಸೀಲ್ (ಗಟ್ಟಿಯಾಗುವ ಅಂಟು) ಮೆತ್ತಿದ್ದು ವಾರ ತಡೆಯಲಿಲ್ಲ. ಸುಂಕದಕಟ್ಟೆಯ ಒಂದು ವರ್ಕ್‌ಶಾಪ್‌ನಲ್ಲಿ ಆರುನೂರು ಕೊಟ್ಟು ವೆಲ್ಡಿಂಗ್ ಮಾಡಿಸಿದೆ. ತಿಂಗಳೊಳಗೆ ವೆಲ್ಡಿನ ಪಕ್ಕದಲ್ಲೇ ಸೋರಿತು. ಅದನ್ನು ಗ್ರೈಂಡರ್‌ನಲ್ಲಿ ಎರಡು ಹೋಳು ಮಾಡಿ ನೋಡಿದೆ. ಒಳಗಿನ ನೀಲಿ ಗಾಜಿನ ಲೇಪನ ವೆಲ್ಡ್ ಸುತ್ತ ಅಂಗೈ ಅಗಲ ಸಿಡಿದು ಉದುರಿತ್ತು, ಬರೀ ಕಬ್ಬಿಣ ಕಾಣುತ್ತಿತ್ತು. ಟ್ಯಾಂಕಿನ ಬದಲು ತಾನು ಕರಗಿ ಅದನ್ನು ತುಕ್ಕಿನಿಂದ ಕಾಯುವ ಅನೋಡ್ ರಾಡ್‌ನಲ್ಲಿ ಮೆಗ್ನೀಸಿಯಂ ಪೂರ್ತಿ ಕರಗಿ ನಡುವಿನ ತಂತಿ ಮಾತ್ರ ಉಳಿದಿತ್ತು. ಆದರೆ ಇನ್ನೂ ಮಜಾ ಇದ್ದದ್ದು ಹಳೆಯ ಜೋಡಣೆಯ ಹತ್ತಿರ: ಅಂಚಿನ ಉದ್ದಕ್ಕೂ ಲೇಪನದಲ್ಲಿ ಕೂದಲೆಳೆಯಂಥ ಬಿರುಕು. ಉಪ್ಪು ನೀರು ಹೀಗೆ ಬಿರುಕು ಬಿಡಿಸುವುದಿಲ್ಲ. ಟ್ಯಾಂಕ್ ಉಬ್ಬಿ ಇಳಿದು, ಉಬ್ಬಿ ಇಳಿದು ಆದದ್ದು ಅದು.

ಆಮೇಲೆ ಸೇಫ್ಟಿ ವಾಲ್ವ್, ಅಂದರೆ ಪ್ರೆಶರ್ ಹೆಚ್ಚಾದರೆ ನೀರು ಹೊರಬಿಡುವ ವಾಲ್ವ್, ಬಿಚ್ಚಿದೆ. ನೀರು ತೊಟ್ಟಿಕ್ಕುತ್ತೆ ಅಂತ ಯಾರೋ ಪುಣ್ಯಾತ್ಮರು ಅದರ ತೂತಿಗೆ ಎಂ-ಸೀಲ್ ತುಂಬಿದ್ದರು! ಹನ್ನೆರಡರಲ್ಲಿ ಅರ್ಧದಷ್ಟು ಹೀಗೇ ಇದ್ದವು. ಉಳಿದವುಗಳಲ್ಲಿ ಸುಣ್ಣ ಕಟ್ಟಿ ಲಿವರ್ ಅಲುಗುತ್ತಲೇ ಇರಲಿಲ್ಲ. ಎಲ್ಲ ಕಿತ್ತು ಹೊಸದು ಹಾಕಿದೆ. ನಿಮ್ಮಲ್ಲಿ ಆ ತೂತು ಮುಚ್ಚಿದ್ದರೆ ಇದನ್ನು ಓದುವುದು ಬಿಟ್ಟು ಮೊದಲು ಎಂಸಿಬಿ (ಗೀಸರ್‌ನ ಕರೆಂಟ್ ಕಡಿಯುವ ಸ್ವಿಚ್) ಆಫ್ ಮಾಡಿ ಬನ್ನಿ. ಥರ್ಮೋಸ್ಟಾಟೂ ಕೈಕೊಟ್ಟರೆ ಗೀಸರ್ ಬಾಂಬ್ ಇದ್ದ ಹಾಗೆ.

350 ರೂಪಾಯಿಯ ಪ್ರೆಶರ್ ಗೇಜ್ ಒಂದನ್ನು ಗೀಸರ್ ಇನ್‌ಲೆಟ್‌ನಲ್ಲಿ ಕೂರಿಸಿ ನಿಂತು ನೋಡಿದೆ. ಪಂಪ್ ತಾನೇ ಕಟ್ ಆಗುವಾಗ ಪ್ರೆಶರ್ ಎರಡೂವರೆ ಕೆಜಿ (ಸುಮಾರು 35 ಪಿಎಸ್‌ಐ). ಗೀಸರ್ ಸ್ವಿಚ್ ಹಾಕಿದ ಕೆಲವೇ ನಿಮಿಷಕ್ಕೆ ಮುಳ್ಳು ನಾಲ್ಕು, ಆರು, ಎಂಟರ ಹತ್ತಿರ. ಟಪ್ ಅಂತ ವಾಲ್ವ್ ಬಿಟ್ಟಿತು, ಮುಳ್ಳು ಇಳಿಯಿತು, ಮತ್ತೆ ಏರಿತು. 15 ಲೀಟರ್ ನೀರು 60 ಡಿಗ್ರಿ ದಾಟಿದರೆ ಕಾಲು ಲೀಟರ್‌ನಷ್ಟು ಹಿಗ್ಗುತ್ತದೆ. ವಾಲ್ವ್‌ನೊಳಗೇ ಎನ್‌ಆರ್‌ವಿ (ನೀರನ್ನು ಹಿಂದಕ್ಕೆ ಹೋಗಲು ಬಿಡದ ತಡೆ) ಇದೆ, ಆ ಕಾಲು ಲೀಟರ್ ಎಲ್ಲಿಗೆ ಹೋಗಬೇಕು?

ಪ್ಲಂಬರ್ ಹೇಳಿದಂತೆ ಪ್ರೆಶರ್ ಕಡಿಮೆ ಮಾಡುವ ವಾಲ್ವ್ ಹಾಕಿಸಿದೆ. ಸಾವಿರದೈನೂರು ಹೋಯಿತು. ಶುರುವಿನ ಮುಳ್ಳು ಎರಡಕ್ಕೆ ಇಳಿಯಿತು, ಕೊನೆಯ ಮುಳ್ಳು ಅದೇ ಎಂಟು. ಅದನ್ನು ತೆಗೆದುಬಿಟ್ಟೆ. ಆಮೇಲೆ ಒಂದು ಗೀಸರ್‌ನಲ್ಲಿ ಎನ್‌ಆರ್‌ವಿ ತೆಗೆದು ನೋಡಿದೆ. ಪ್ರೆಶರ್ ಏರಲಿಲ್ಲ ನಿಜ, ಆದರೆ ಕೆಳಗಡೆ ನಲ್ಲಿ ಬಿಟ್ಟಾಗಲೆಲ್ಲ ಬಿಸಿನೀರು ತಣ್ಣೀರಿನ ಲೈನಿಗೆ ವಾಪಸ್ಸು ಇಳಿದು ಯುಪಿವಿಸಿ (ಪ್ಲಾಸ್ಟಿಕ್) ಪೈಪಿನ ಎಲ್ಬೋ ಮೆತ್ತಗಾಗಿ ಬಾಗಿತು. ಹಿಗ್ಗಿದ ನೀರಿಗೆ ಬಾಯಿ ತೆರೆದ ಗಾಳಿ ಪೈಪ್ ಮೇಲಕ್ಕೆ ಎತ್ತೋಣ ಅಂದರೆ ಪಂಪ್ ಇರುವಾಗ ಅದರಿಂದ ಕಾರಂಜಿಯೇ.

ಕೊನೆಗೆ ಹೊಳೆದದ್ದು ಆ ಪಂಪಿನ ತಲೆಯ ಮೇಲೇ ಇತ್ತು. ಪ್ರೆಶರ್ ಪಂಪ್ ಜೊತೆ ಬರುವ ರಬ್ಬರ್ ಚೀಲದ ವೆಸೆಲ್ ಗೊತ್ತಲ್ಲ, ರಬ್ಬರಿನ ಒಂದು ಕಡೆ ನೀರು, ಇನ್ನೊಂದು ಕಡೆ ಗಾಳಿ ಇರುವ ಡಬ್ಬಿ, ಅದರ ಚಿಕ್ಕದು, 2 ಲೀಟರಿನದು. ಹಿಗ್ಗಿದ ನೀರು ಆ ಗಾಳಿಯನ್ನು ಒತ್ತಿ ಅದರೊಳಗೆ ಹೋಗುತ್ತದೆ. ಎಸ್.ಜೆ.ಪಿ. ರೋಡ್‌ನಲ್ಲಿ ಒಂಬೈನೂರರ ಆಸುಪಾಸಿಗೆ ಸಿಕ್ಕಿತು. ಸೇಫ್ಟಿ ವಾಲ್ವ್ ಮತ್ತು ಗೀಸರ್ ನಡುವೆ ಟೀ (ಮೂರು ಬಾಯಿಯ ಪೈಪ್ ಜೋಡಣೆ) ಹಾಕಿ ಅದಕ್ಕೆ ಜೋಡಿಸಿದೆ. 'ಇದೇನು ಸಾರ್, ಗೀಸರ್‌ಗೆ ಫುಟ್‌ಬಾಲ್ ಬ್ಲ್ಯಾಡರ್ ಕಟ್ಟಿದೀರಾ' ಅಂತ ಪ್ಲಂಬರ್ ನಕ್ಕ. ಸ್ವಿಚ್ ಹಾಕಿದೆ. ಎರಡೂವರೆಯಿಂದ ಹೊರಟ ಮುಳ್ಳು ಮೂರರ ಹತ್ತಿರ ಬಂದು ನಿಂತಿತು. ಥರ್ಮೋಸ್ಟಾಟ್ ಕಟ್ ಆಯಿತು. ವಾಲ್ವ್‌ನಿಂದ ಒಂದು ಹನಿ ಇಲ್ಲ. ಅವನು ಗೇಜ್ ಕೆಟ್ಟಿದೆ ಅಂದ. ಬೇರೆ ಗೇಜ್ ತಂದು ತೋರಿಸಬೇಕಾಯಿತು.

ಗಾಳಿ ಎಷ್ಟು ಅನ್ನುವುದೇ ಇದರಲ್ಲಿ ಮುಖ್ಯ. ನೀರಿಗೆ ಜೋಡಿಸುವ ಮೊದಲು, ಖಾಲಿ ವೆಸೆಲ್‌ಗೆ, ಪಂಪ್ ಕಟ್ ಆಗುವ ಪ್ರೆಶರ್‌ಗಿಂತ ಸ್ವಲ್ಪ ಕಡಿಮೆ ಹಾಕಬೇಕು. ನಾನು 33 ಪಿಎಸ್‌ಐ ಹಾಕಿದ್ದೇನೆ, ಬೈಕಿಗೆ ಗಾಳಿ ಹಾಕುವ ಪಂಪೇ ಸಾಕು. ಅಂಗಡಿಯಿಂದ ಬಂದ ಹಾಗೇ ಹಾಕಿದರೆ ಪೂರ್ತಿ ಪ್ರಯೋಜನ ಸಿಗದಿರಬಹುದು. ಟೀ ಆದ ಮೇಲೆ ಬಾಲ್ ವಾಲ್ವ್ ಮಾತ್ರ ಹಾಕಬೇಡಿ, ಯಾರೋ ಒಬ್ಬರು ಅದನ್ನು ತಿರುಗಿಸಿ ಮುಚ್ಚುತ್ತಾರೆ. ಇನ್ನು ಗೀಸರ್ ಕೆಳಗಿನ ಎರಡು ಇಂಚು ಜಾಗದಲ್ಲಿ, ಗೀಸರ್ ಇಳಿಸದೆ ಟೀ ಹೇಗೆ ಕೂರಿಸಿದೆ ಅನ್ನುವುದು ನನ್ನ ಹತ್ತಿರವೇ ಇರಲಿ. ಪ್ಲಂಬರ್‌ಗೂ ಹೇಳಿಲ್ಲ.

ಹನ್ನೆರಡಕ್ಕೂ ಟೀ, ನಿಪ್ಪಲ್, ಟೇಪ್ ಸೇರಿ ಹದಿನಾಲ್ಕು ಸಾವಿರದ ಸುತ್ತಮುತ್ತ ಆಯಿತು. ಎರಡು ಗೀಸರ್ ದುಡ್ಡು.

ಜೊತೆಗೆ ಥರ್ಮೋಸ್ಟಾಟ್ 75ರಿಂದ 60ಕ್ಕೆ ಇಳಿಸಿದೆ, ನೀರು ಕಾಯಿಸುವ ಕಾಯಿಲ್ ಮೇಲೆ ಉಪ್ಪು ಕಟ್ಟುವುದು ಕಣ್ಣಿಗೆ ಕಾಣುವಷ್ಟು ಕಡಿಮೆಯಾಯಿತು. ಕಟ್ಟಿದ್ದನ್ನು ಬಿಡಿಸಲು ಬಿಸಿನೀರಿನ ಬಕೆಟ್‌ಗೆ ಎರಡು ಹಿಡಿ ಸಿಟ್ರಿಕ್ ಆಸಿಡ್ ಪುಡಿ, ಅದರಲ್ಲಿ ಕಾಯಿಲ್ ರಾತ್ರಿಯಿಡೀ. ಬಾತ್‌ರೂಮ್ ಆಸಿಡ್ ಬೇಡ. ಪೈಪಿಗೆ ಕಟ್ಟುವ ಮ್ಯಾಗ್ನೆಟ್ ಅಂತ ಎರಡು ಸಾವಿರ ಕೊಟ್ಟು ತಂದೆ, ಈಗ ಅದು ಫ್ರಿಜ್ ಮೇಲೆ ಬಿಲ್ ಹಿಡಿದುಕೊಂಡಿದೆ. ಎರಡು ಗೀಸರ್‌ಗಳಲ್ಲಿ ನೀರು ಕೊಳೆತ ಮೊಟ್ಟೆಯಂತೆ ನಾರುತ್ತಿತ್ತು. ಮೆಗ್ನೀಸಿಯಂ ಬದಲು ಅಲ್ಯೂಮಿನಿಯಂ-ಸತು ಅನೋಡ್ ಹಾಕಿದ ಮೇಲೆ ವಾಸನೆ ಹೋಯಿತು. ಅನೋಡ್ ಮಾತ್ರ ಎಲ್ಲದರಲ್ಲೂ ವರ್ಷಕ್ಕೊಮ್ಮೆ ತೆಗೆದು ನೋಡುತ್ತೇನೆ, ಗ್ಯಾಸ್ಕೆಟ್ ಹೊಸದೇ ಹಾಕುತ್ತೇನೆ. ನೀರಿನ ಗಡಸುತನ ತೆಗೆಯುವ ಸಾಫ್ಟ್‌ನರ್ ಇದೆ ಅಂತ ಸುಮ್ನೆ ಕೂರಬೇಡಿ, ಆ ನೀರಿನಲ್ಲಿ ಅನೋಡ್ ಇನ್ನೂ ಬೇಗ ಕರಗುತ್ತದೆ.

ವೆಸೆಲ್ ಗಾಳಿಯನ್ನೂ ಅದೇ ದಿನ ನೋಡಿಬಿಡಿ, ನೀರಿನ ಪ್ರೆಶರ್ ಪೂರ್ತಿ ಇಳಿಸಿ. ಗಾಳಿ ಹಾಕುವ ಪಿನ್ ಒತ್ತಿದಾಗ ಗಾಳಿ ಬದಲು ನೀರು ಬಂದರೆ ರಬ್ಬರ್ ಹರಿದಿದೆ. ನಮ್ಮಲ್ಲಿ ಇದುವರೆಗೆ ಒಂದು ಹಾಗೆ ಹೋಗಿದೆ. ಈ ಚಿಕ್ಕ ಸೈಜಿನಲ್ಲಿ ರಬ್ಬರ್ ಬದಲಿಸಲು ಬರುವುದಿಲ್ಲ, ಇಡೀ ಡಬ್ಬಿಯೇ ಹೊಸದು ತರಬೇಕು.