ಕೀಮೋ ನಡುವೆ ವಾಕಿಂಗ್: ನಾನು ರಿಪೋರ್ಟ್ ನೋಡಿ ನಡೆದದ್ದು

ಕೀಮೋ ಶುರುವಾದಾಗ ಓಣಿಯವರೆಲ್ಲ ಹೇಳಿದ್ದು ಒಂದೇ ಮಾತು: "ವೈನಿ, ಸುಮ್ಮ ಮಲಕೋರಿ." ನಮ್ಮ ವಿಜಯಪುರದಲ್ಲಿ ಜಡ್ಡು ಅಂದ್ರೆ ಹಾಸಿಗೆ, ಅಷ್ಟೇ. ಆದರೆ ಕೀಮೋದ ಸುಸ್ತು ಬೇರೆ ಥರದ್ದು. ಮಲಗಿದಷ್ಟೂ ಜಾಸ್ತಿಯಾಗುತ್ತದೆ. ಎಕೋ ಮಾಡಿಸಿ, ಹೃದಯ ಸರಿ ಇದೆ ಅಂತ ನೋಡಿದ ಮೇಲೆ ಡಾಕ್ಟರೇ ನಡೆಯಲು ಹೇಳಿದರು. ಎಷ್ಟು ನಡೀಬೇಕು ಅನ್ನೋದು ರಕ್ತದ ರಿಪೋರ್ಟ್ ನೋಡಿ.

ನನ್ನದು ಸ್ತನ ಕ್ಯಾನ್ಸರ್. ಮೊದಲು ಆಪರೇಷನ್, ಆಮೇಲೆ ಮೂರು ವಾರಕ್ಕೊಮ್ಮೆ ಕೀಮೋ. ಸಲೈನ್ ಹಚ್ಚಿದ ದಿನ, ಮರುದಿನ ಬರೀ ಸಂಕಟ. ಪಡಸಾಲೆಯಿಂದ ಹಿತ್ತಲಿನವರೆಗೆ ಓಡಾಡಿದರೆ ಸಾಕು. ವಾರ ಕಳೆದರೆ ಮೈ ಹಗುರಾಗಿ, ಹೊರಗೆ ಹೋಗೋಣ ಅನ್ನಿಸುತ್ತದೆ. ಮೋಸ ಇರೋದು ಅಲ್ಲೇ. ಸಾಮಾನ್ಯವಾಗಿ 7ರಿಂದ 14ನೇ ದಿನದ ನಡುವೆಯೇ, ಸೋಂಕು ತಡೆಯುವ ಬಿಳಿ ರಕ್ತಕಣ ತೀರಾ ಕೆಳಗಿಳಿದಿರುತ್ತವೆ. ಆ ವಾರ ಗೋಳಗುಮ್ಮಟದ ತೋಟಕ್ಕೆ ನಾನು ಹೋಗುತ್ತಲೇ ಇರಲಿಲ್ಲ. ಬೆಳಗಿನ ಗುಂಪಿನ ಸೀನು, ಕೆಮ್ಮು ನಮಗ್ಯಾಕೆ? ಮಾಳಿಗೆ ಮೇಲೆ ಒಬ್ಬಳೇ ಸುತ್ತು ಹಾಕುತ್ತಿದ್ದೆ. ಮೂರನೇ ವಾರ ತೋಟ.

ಥರ್ಮಾಮೀಟರ್ 100.4 ಡಿಗ್ರಿ ಫ್ಯಾರನ್‌ಹೀಟ್ ತೋರಿಸಿದರೆ ವಾಕಿಂಗ್ ಮಾತೇ ಇಲ್ಲ, ನಡುರಾತ್ರಿ ಆದರೂ ಆಸ್ಪತ್ರೆಗೆ ಹೋಗಬೇಕು. ಪ್ಲೇಟ್ಲೆಟ್, ಅಂದ್ರೆ ರಕ್ತ ಹೆಪ್ಪುಗಟ್ಟಿಸುವ ಕಣ, 50 ಸಾವಿರಕ್ಕಿಂತ ಕಡಿಮೆ ಬಂದರೆ ಭಾರ ಎತ್ತುವುದು ಬಂದ್. ಹಿಮೋಗ್ಲೋಬಿನ್ 8ರ ಕೆಳಗೆ ಹೋದರೆ ಡಾಕ್ಟರನ್ನು ಕೇಳದೆ ಏನೂ ಇಲ್ಲ.

ವಾರಕ್ಕೆ 3 ದಿನ, 30 ನಿಮಿಷ ನಡಿಗೆ, 2 ದಿನ ಶಕ್ತಿಯ ವ್ಯಾಯಾಮ ಅಂತ ಅಮೆರಿಕದ ತಜ್ಞರು 2019ರಲ್ಲಿ ಹೇಳಿದ ಲೆಕ್ಕ ಇದೆ. ನಾನು ಅದನ್ನ ಹತ್ತತ್ತು ನಿಮಿಷಕ್ಕೆ ಒಡೆದುಕೊಂಡೆ. ವೇಗಕ್ಕೆ ಒಂದು ಅಳತೆ: ಮಾತಾಡೋಕೆ ಬರಬೇಕು, ಹಾಡೋಕೆ ಆಗಬಾರದು. ನನ್ನ ಜೊತೆ ನೆಗೆಣ್ಣಿ ಬರುತ್ತಿದ್ದಳು. ಅತ್ತೆಯ ಸುದ್ದಿ ಹೇಳೋಕೂ ಉಸಿರು ಸಾಲದೇ ಹೋದರೆ ಕಟ್ಟೆ ಮೇಲೆ ಕೂತುಬಿಡುತ್ತಿದ್ದೆ. ಇಲ್ಲಿನ ಏಪ್ರಿಲ್ ಬಿಸಿಲು ಗೊತ್ತಲ್ವಾ, ಸೂರ್ಯ ಮೇಲೇರುವ ಮೊದಲೇ ಮುಗಿಸಬೇಕು. ಬಾಟಲಿ ನೀರು ಕೈಯಲ್ಲೇ ಇರಬೇಕು.

ಆ ಬಾಟಲಿಯೇ ನನ್ನ ಡಂಬಲ್ ಕೂಡ. ಅರ್ಧ ಲೀಟರ್ ಅಂದ್ರೆ ಅರ್ಧ ಕಿಲೋ. ಆದರೆ ಅದು ಆಮೇಲಿನ ಮಾತು. ಆಪರೇಷನ್ ಆದ ಕಡೆಯ ಕೈ ಮೊದಮೊದಲು ಭುಜದ ಮಟ್ಟಕ್ಕೂ ಏಳುತ್ತಿರಲಿಲ್ಲ. ಫಿಸಿಯೋ ಹೇಳಿಕೊಟ್ಟಂತೆ ಗೋಡೆಗೆ ಎದುರಾಗಿ ನಿಂತು ಬೆರಳುಗಳನ್ನ ಒಂದೊಂದಾಗಿ ಮೇಲಕ್ಕೆ ಹತ್ತಿಸುವುದು, ಎಳೆತ ಗೊತ್ತಾದಲ್ಲಿ ನಿಲ್ಲುವುದು. ನಿಂತ ಜಾಗಕ್ಕೆ ಪೆನ್ಸಿಲ್ ಗೆರೆ ಎಳೆಯುತ್ತಿದ್ದೆ. ಅಡುಗೆಮನೆ ಬಾಗಿಲ ಪಕ್ಕ ಆ ಗೆರೆಗಳು ಒತ್ತೊತ್ತಾಗಿ ಮೇಲೇರಿವೆ. ಸುಣ್ಣ ಬಳಿಯೋಕೆ ಇನ್ನೂ ಬಿಟ್ಟಿಲ್ಲ. "ಆ ಕೈಯಿಂದ ಏನೂ ಎತ್ತಬ್ಯಾಡ" ಅಂತ ಹೆದರಿಸುವವರು ಬಹಳ. ಸ್ತನ ಕ್ಯಾನ್ಸರ್ ಚಿಕಿತ್ಸೆಯಿಂದ ಕೈ ಬಾವು ಬಂದವರೂ ಕಲಿಸುವವರ ಕಣ್ಣೆದುರು ನಿಧಾನವಾಗಿ ಭಾರ ಏರಿಸಿದರೆ ಬಾವು ಹೆಚ್ಚೋದಿಲ್ಲ ಅಂತ 2009ರ ಒಂದು ಅಧ್ಯಯನ ತೋರಿಸಿದೆ. ಕೈ ಬಿಗಿ ಅನ್ನಿಸಿದರೆ, ಬಳೆ ಒತ್ತಿದರೆ ಅಂದಿಗೆ ನಿಲ್ಲಿಸಿ ತೋರಿಸಿಕೊಳ್ಳಬೇಕು.

ಪ್ಯಾಕ್ಲಿಟ್ಯಾಕ್ಸೆಲ್ ಔಷಧ ಶುರುವಾದ ಮೇಲೆ ಪಾದ ಜೋಮು ಹಿಡಿಯಿತು. ಮಾಳಿಗೆ ಬಿಟ್ಟೆ, ಬರಿಗಾಲಲ್ಲಿ ಓಡಾಡೋದೂ ಬಿಟ್ಟೆ. ಮುಳ್ಳು ಚುಚ್ಚಿದರೂ ಗೊತ್ತಾಗಲ್ಲ, ಹಾಗಾಗಿ ಸಂಜೆ ಅಂಗಾಲು ನೋಡಿಕೊಳ್ಳುತ್ತಿದ್ದೆ. ಆಗ ಹೆಚ್ಚಾಗಿ ಮಾಡಿದ್ದು ಕುರ್ಚಿ ವ್ಯಾಯಾಮ: ಕುರ್ಚಿಯನ್ನು ಗೋಡೆಗೆ ಒತ್ತಿಟ್ಟು ಕೂರುವುದು, ಏಳುವುದು. "ಇಷ್ಟು ನಡೀತೀರಿ, ಗುಮ್ಮಟ ಹತ್ರಿ" ಅಂತ ಚಾಷ್ಟಿ ಮಾಡಿದವರಿದ್ದರು. ಏಳಂತಸ್ತಿನ ಗೋಪುರದ ಆ ಇಕ್ಕಟ್ಟು ಮೆಟ್ಟಿಲನ್ನ ಜೋಮುಗಾಲಲ್ಲಿ ಹತ್ತೋದಾ?

ಎದೆನೋವು, ತಲೆಸುತ್ತು, ಒಂದೇ ಕಾಲಿಗೆ ಬಾವು ಬಂದರೆ ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಕ್ಯಾನ್ಸರ್ ಎಲುಬಿಗೆ ಹರಡಿದವರು ನನ್ನ ಕ್ರಮ ನೋಡಿ ಶುರು ಮಾಡಬೇಡಿ. ಯಾವ ಎಲುಬಿನ ಮೇಲೆ ಎಷ್ಟು ಭಾರ ಬೀಳಬಹುದು ಅಂತ ನಿಮ್ಮ ಡಾಕ್ಟರನ್ನೇ ಮೊದಲು ಕೇಳಿ.