ಸಕಲೇಶಪುರಕ್ಕೆ ಬರೋ ಮುಂಚೆ ಕಾಫಿ ಗಿಡದ ಸುದ್ದಿ ಕೇಳಿ

ಸಕಲೇಶಪುರ ನನ್ನ ತವರು. ಬೆಂಗಳೂರಲ್ಲಿ ಯಾರಿಗೆ ಹೇಳಿದರೂ "ಯಾವಾಗ ಬಂದ್ರೆ ಚೆನ್ನಾಗಿರುತ್ತೆ?" ಅಂತ ಕೇಳುತ್ತಾರೆ. ನಾನು ಊರಿಗೆ ಫೋನ್ ಮಾಡಿ, ಗಿಡ ಹೇಗಿದೆ ಅಂತ ಅಪ್ಪನನ್ನು ಕೇಳಿ ಹೇಳುತ್ತೇನೆ.

ನನಗೆ ಇಷ್ಟವಾದದ್ದು ಹೂವಿನ ಕಾಲ. ಫೆಬ್ರವರಿ ಕೊನೆಯಿಂದ ಏಪ್ರಿಲ್ ನಡುವೆ ಯಾವಾಗಲೋ ಹೂಮಳೆ, ಅಂದರೆ ಕಾಫಿ ಮೊಗ್ಗು ಅರಳಿಸುವ ಮಳೆ, ಬೀಳುತ್ತದೆ. ಅದಾದ ಎಂಟು ಹತ್ತು ದಿನಕ್ಕೆ, ಬೆಳಗ್ಗೆ ಎದ್ದು ನೋಡಿದರೆ ಇಡೀ ತೋಟ ಬೆಳ್ಳಗೆ. ಮಲ್ಲಿಗೆಯಂಥ ಘಮ, ಕಿವಿ ತುಂಬ ಜೇನಿನ ಗುಂಯ್. ಎರಡು ಮೂರು ದಿನಕ್ಕೆಲ್ಲ ಹೂವು ಕಂದಿಹೋಗುತ್ತದೆ. ಅದಕ್ಕೇ ರೂಮ್ ಬುಕ್ ಮಾಡುವ ಮೊದಲು ಹೋಮ್‌ಸ್ಟೇಯವರಿಗೆ "ಮಳೆ ಬಿತ್ತಾ?" ಅಂತ ಕೇಳಿ. ಮಳೆಗೆ ಕಾಯದೆ ಸ್ಪ್ರಿಂಕ್ಲರ್‌ನಲ್ಲಿ ನೀರು ಹೊಡೆಯುವ ತೋಟವಾದರೆ ಹೂವು ಯಾವಾಗ ಅಂತ ಅವರೇ ಲೆಕ್ಕ ಹಾಕಿ ಹೇಳುತ್ತಾರೆ. ಫೋಟೋಗೆ ಅಂತ ರೆಂಬೆ ಮುರಿಯಬೇಡಿ, ದಯವಿಟ್ಟು. ಅದು ಮುಂದಿನ ವರ್ಷದ ಫಸಲು.

ಡಿಸೆಂಬರ್, ಜನವರಿ ಆದರೆ ಕೊಯ್ಲು. ಕಣದ ತುಂಬ ಹಣ್ಣು ಹರಡಿರುತ್ತದೆ. ಚಪ್ಪಲಿ ಬಿಟ್ಟು ಕಣಕ್ಕೆ ಇಳಿಯಿರಿ. ಅಪ್ಪ ಒಂದು ಹಿಡಿ ಹಣ್ಣು ತೆಗೆದು ಕಿವಿ ಹತ್ತಿರ ಅಲ್ಲಾಡಿಸುತ್ತಾರೆ. ಒಳಗೆ ಬೀಜ ಗಲಗಲ ಅಂದರೆ ಒಣಗಿದೆ. ಸದ್ದಿಲ್ಲ ಅಂದರೆ ಇನ್ನೂ ಬಿಸಿಲು ಬೇಕು. ಸಂಜೆ ಇಬ್ಬನಿ ಬೀಳುವ ಮೊದಲು ಎಲ್ಲ ಗುಡ್ಡೆ ಮಾಡಿ ಟಾರ್ಪಾಲ್ ಮುಚ್ಚಬೇಕು. ಆಗ ನೀವೂ ಒಂದು ಕೈ ಹಾಕಿ, ಎಲ್ಲರಿಗೂ ಖುಷಿಯಾಗುತ್ತದೆ.

ಆನೆ ವಿಷಯ ಮಾತ್ರ ಹಗುರವಾಗಿ ತಗೋಬೇಡಿ. ನಮ್ಮ ಕಡೆ ಆನೆಗಳು ತೋಟದೊಳಗೇ ಓಡಾಡುತ್ತವೆ, ಹಲಸು ಹಣ್ಣಾಗುವಾಗ ಇನ್ನೂ ಜಾಸ್ತಿ. ಒಂದು ರಾತ್ರಿ ಬಚ್ಚಲುಮನೆ ಹಿಂದೆ ಪಟಪಟ ರೆಂಬೆ ಮುರಿದ ಸದ್ದು. ನಾವೆಲ್ಲ ಉಸಿರು ಬಿಗಿಹಿಡಿದು ಕೂತಿದ್ದೆವು. ಬೆಳಗ್ಗೆ ನೋಡಿದರೆ ಮೊರದಗಲದ ಹೆಜ್ಜೆ, ಪಕ್ಕದಲ್ಲಿ ಹಲಸಿನ ಸಿಪ್ಪೆ. ಕಾಫಿ ಗಿಡದ ಮರೆಯಲ್ಲಿ ಆನೆ ನಿಂತಿದ್ದರೆ ಹತ್ತಡಿ ದೂರದಿಂದಲೂ ಕಾಣುವುದಿಲ್ಲ. ಕೆಲಸಕ್ಕೆ ಹೊರಟ ಎಷ್ಟೋ ಜನ ಹಾಗೇ ಜೀವ ಕಳೆದುಕೊಂಡಿದ್ದಾರೆ. ಕತ್ತಲಾದ ಮೇಲೆ, ಬೆಳಕು ಹರಿಯುವ ಮುಂಚೆ ತೋಟದ ದಾರಿಯಲ್ಲಿ ನಡೆಯುವುದು ಬೇಡ, ಬೈಕೂ ಬೇಡ. ಅರಣ್ಯ ಇಲಾಖೆಯವರು ಆನೆ ಎಲ್ಲಿದೆ ಅಂತ ಮೆಸೇಜ್ ಕಳಿಸುತ್ತಾರೆ. ತೋಟದ ಕೆಲಸ ನೋಡಿಕೊಳ್ಳುವ ರೈಟರ್ "ಇವತ್ತು ಆ ಕಡೆ ಬೇಡ" ಅಂದರೆ ವಾದ ಮಾಡದೆ ವಾಪಸ್ ಬನ್ನಿ.

ಬೆಂಗಳೂರಿಂದ ಸುಮಾರು 220 ಕಿ.ಮೀ., ಹಾಸನದ ಮೇಲೆ ಬಸ್ಸು ಬೇಕಾದಷ್ಟಿವೆ. ಘಟ್ಟ ನೋಡಬೇಕು ಅಂದರೆ ಹಗಲು ರೈಲು ಹಿಡಿದು ಸುಬ್ರಹ್ಮಣ್ಯ ರೋಡ್‌ವರೆಗೆ ಹೋಗಿ. 55 ಕಿ.ಮೀ., 57 ಸುರಂಗ. ಕಿಟಕಿ ಪಕ್ಕ ಸೀಟು ಸಿಕ್ಕರೆ ಬಿಡಬೇಡಿ. ಹಳಿ ಮೇಲೆ ಟ್ರೆಕ್ಕಿಂಗ್ ಹೋಗುವುದು ಈಗ ನಿಷೇಧ. ಜುಲೈ, ಆಗಸ್ಟ್‌ನಲ್ಲಿ ಬರುವವರು ಮಂಗಳೂರು ರಸ್ತೆಯ ಶಿರಾಡಿ ಘಾಟಿ ಕಡೆ ಗುಡ್ಡ ಜರಿದಿದೆಯಾ ಅಂತ ವಿಚಾರಿಸಿ ಹೊರಡಿ. ಆಗ ಇಂಬಳಗಳ (ರಕ್ತ ಹೀರುವ ಜಿಗಣೆ) ಕಾಟವೂ ಇರುತ್ತದೆ, ಜೇಬಲ್ಲಿ ಒಂದಿಷ್ಟು ಉಪ್ಪು ಇರಲಿ.

ಮಂಜರಾಬಾದ್ ಕೋಟೆಗೆ ಬೆಳಗ್ಗೆ ಬೇಗ ಹತ್ತಿ. ಟಿಪ್ಪು 1792ರಲ್ಲಿ ಕಟ್ಟಿಸಿದ್ದು, ಎಂಟು ಮೂಲೆಯ ನಕ್ಷತ್ರದ ಆಕಾರ. ಮಂಜು ಕಂಡು ಆ ಹೆಸರಿಟ್ಟ ಅಂತಾರೆ. ಇಳಿದು ಬಂದು ಹೇಮಾವತಿ ದಡದ ಸಕಲೇಶ್ವರ ದೇವಸ್ಥಾನ ನೋಡಿ, ಊರಿಗೆ ಹೆಸರು ಬಂದದ್ದೇ ಅಲ್ಲಿಂದ. ತಿಂಡಿಗೆ ಅಕ್ಕಿರೊಟ್ಟಿ ಸಿಕ್ಕರೆ ಬೇರೇನೂ ಬೇಡ.

ಹೊರಡುವಾಗ ಪೇಟೆಯಲ್ಲಿ ಕಣ್ಣೆದುರೇ ಹುರಿದು ಬೀಸಿಕೊಡುವ ಅಂಗಡಿ ಹುಡುಕಿ. ಚಿಕೋರಿ ಎಷ್ಟು ಹಾಕುತ್ತಾರೆ ಅಂತ ಕೇಳಿ. ನಮ್ಮ ಮನೆಯಲ್ಲಿ ಅರೇಬಿಕಾ, ರೊಬಸ್ಟಾ ಅರ್ಧರ್ಧ, ಚಿಕೋರಿ ಹಾಕುವುದೇ ಇಲ್ಲ. ಕಾಲು ಕೆ.ಜಿ. ಸಾಕು, ಜಾಸ್ತಿ ತಗೊಂಡರೆ ಘಮ ಹೋಗುತ್ತದೆ. ಪೊಟ್ಟಣ ಕೈಗೆ ಬೆಚ್ಚಗೆ ತಾಗುತ್ತಿರುತ್ತದೆ. ಆ ಬಿಸಿಯಲ್ಲೇ ಡಬ್ಬಿಗೆ ಹಾಕಿ ಮುಚ್ಚಬೇಡಿ, ಆರಿದ ಮೇಲೆ ಹಾಕಿ.