ಘಟ್ಟ ಇಳಿಯೋದಾ, ಮನೇಲೇ ಕೂರೋದಾ: ರಾತ್ರಿ ಒಂಬತ್ತಕ್ಕೇ ತೀರ್ಮಾನ ಮಾಡೋ ನನ್ನ ಲೆಕ್ಕ

ಎರಡು ಚಳಿಗಾಲದಿಂದ ಇದನ್ನೇ ಮಾಡ್ತಾ ಬಂದಿದ್ದೀನಿ, ಈ ಸಲ ಸರಿಯಾಗಿ ಕೂತ್ಕೊಂಡಿದೆ, ಅದಕ್ಕೇ ಬರೀತಿದ್ದೀನಿ. ನವೆಂಬರಿಂದ ಫೆಬ್ರವರಿವರೆಗೆ ಮರುದಿನ ಬೆಳಿಗ್ಗೆ ದೇವಿಮನೆ ಘಟ್ಟದಲ್ಲಿ ದಟ್ಟ ಮಂಜು ಇರತ್ತಾ ಇಲ್ವಾ ಅಂತ ಹಿಂದಿನ ರಾತ್ರಿ ಒಂಬತ್ತಕ್ಕೇ ಹೇಳ್ತೀನಿ, ಹತ್ತಕ್ಕೆ ಎಂಟು ಸಲ ಸರಿ ಬರತ್ತೆ. ಇದನ್ನ ನಂಬದೇ ಇದ್ದೋರು ಬಹಳ ಜನ. ಆಫೀಸಲ್ಲಿ ಅಂತೂ ಎಲ್ಲರೂ, ಮನೇಲಿ ಅಪ್ಪಯ್ಯ, ಹುಬ್ಬಳ್ಳೀಲಿ ಸಾಫ್ಟ್‌ವೇರಲ್ಲಿರೋ ಭಾವ ಒಬ್ಬರು. "ಮೊಬೈಲಲ್ಲಿ ಸ್ಯಾಟಲೈಟ್ ಫೋಟೋನೇ ಬರ್ತಿದ್ದು, ನಿಂಗೆ ಒದ್ದೆ ಬಟ್ಟೆ ಕಟ್ಟಿದ ಥರ್ಮಾಮೀಟರ್ ಎಂತಕ್ಕೆ" ಅಂತ ಅವರು ಕೇಳಿದ್ದು ಇನ್ನೂ ನೆನಪಿದೆ.

ನಮ್ಮನೆ ಸಿರ್ಸಿ-ಕುಮಟಾ ರಸ್ತೇಲಿ ಅಮ್ಮಿನಳ್ಳಿಯಿಂದ ಒಳಗೆ, ಆಫೀಸು ಆ ಘಟ್ಟ ಇಳಿದು ಕುಮಟಾದಲ್ಲಿ. ಕೆಲಸ ಆಟೋಕ್ಯಾಡ್ ಡ್ರಾಫ್ಟಿಂಗು, ಅಂದ್ರೆ ಕಂಪ್ಯೂಟರಲ್ಲಿ ನಕ್ಷೆ ಬಿಡಿಸೋದು, ವಾರದಲ್ಲಿ ಅರ್ಧಕ್ಕಿಂತ ಜಾಸ್ತಿ ದಿನ ಎಲ್ಲಿ ಕೂತು ಮಾಡಿದ್ರೂ ನಡೆಯತ್ತೆ, ಸೈಟ್ ಮೀಟಿಂಗು ಮತ್ತೆ ಪ್ಲಾಟ್ (ದೊಡ್ಡ ಹಾಳೇಲಿ ನಕ್ಷೆ ಪ್ರಿಂಟು) ತೆಗೆಯೋ ದಿನ ಮಾತ್ರ ಹೋಗ್ಲೇಬೇಕು. ಹೋಗಿ ಬರೋದು ನೂರು ಕಿಲೋಮೀಟರ್ ಮೇಲಾಗತ್ತೆ. ಹಳೇ ಆಲ್ಟೊ ಘಟ್ಟದಲ್ಲಿ ಹದಿನಾರು ಹದಿನೇಳು ಕೊಡತ್ತೆ, ಪೆಟ್ರೋಲು ನೂರರ ಮೇಲೇ ಇದೆ, ಅಂದ್ರೆ ದಿನಕ್ಕೆ ಆರುನೂರು ಆರುನೂರೈವತ್ತು ಹೋಯ್ತು. ಮಂಜಿದ್ದ ದಿನ ಗೇರ್ ಎರಡು ಮೂರಲ್ಲೇ ಹೋಗೋದ್ರಿಂದ ಅದೂ ಜಾಸ್ತಿ, ಒಂದೂವರೆ ಗಂಟೆ ದಾರಿ ಎರಡೂಕಾಲು ಗಂಟೆ ಆಗತ್ತೆ, ಹತ್ತೂವರೆ ದಾಟಿ ಆಫೀಸ್ ಸೇರಿದ್ರೆ ಅರ್ಧ ದಿನ ಕಟ್. ನಂದು ಅರ್ಧ ದಿನ ಅಂದ್ರೆ ಸುಮಾರು ಐನೂರು. ಅಂದ್ರೆ ಮಂಜಲ್ಲಿ ಹೋಗಿ ಲೇಟಾದ ದಿನ ಕೆಲಸಾನೂ ಮಾಡಿ ಸಾವಿರದ ಮೇಲೆ ಕೈಯಿಂದ ಹೋಯ್ತು ಅಂತ ಲೆಕ್ಕ. ಎರಡು ವರ್ಷದ ಹಿಂದಿನ ಡಿಸೆಂಬರ್ ಜನವರೀಲಿ ಬರೀ ಕಟ್ಟಾಗಿದ್ದೇ ಆರೇಳು ಸಾವಿರ ಇರಬೇಕು.

ದುಡ್ಡಿಗಿಂತ ದೊಡ್ಡದು ತಿರುವು. ಹವಾಮಾನ ಇಲಾಖೆ ಲೆಕ್ಕದಲ್ಲಿ ಕಣ್ಣಿಗೆ ಕಾಣೋ ದೂರ 200 ಮೀಟರ್ ಒಳಗೆ ಬಂದ್ರೆ ದಟ್ಟ ಮಂಜು, 50ಕ್ಕಿಂತ ಕಡಿಮೆ ಆದ್ರೆ ಅತಿ ದಟ್ಟ. ನೀವು ನಲವತ್ತರ ಸ್ಪೀಡಲ್ಲಿ ಇದ್ದೀರಿ, ಎದುರಿನವನೂ ನಲವತ್ತರಲ್ಲಿ ಬರ್ತಾನೆ, ಮಧ್ಯ ಐವತ್ತು ಮೀಟರ್ ಕಾಣತ್ತೆ ಅಂದ್ರೆ ಅದು ಮುಗಿಯೋದಕ್ಕೆ ಎರಡೂಕಾಲು ಸೆಕೆಂಡು ಸಾಕು, ಒದ್ದೆ ರಸ್ತೆ, ಇಳಿಜಾರು ಬೇರೆ. ದಾರೀಲಿ ಬಂಡಲ ಊರು ದಾಟಿದ ಮೇಲೆ ಲಾರಿ ಬರ್ತಿದೆ ಅಂತ ಮೊದಲು ಕಿವಿಗೆ ಗೊತ್ತಾಗೋದು, ಆಮೇಲೆ ಕಣ್ಣಿಗೆ. ಆ ರಸ್ತೇಲಿ ಓಡಾಡೋರಿಗೆ ಇದನ್ನ ನಾನು ಹೇಳಬೇಕಾಗಿಲ್ಲ.

ಮೊದಲ ವರ್ಷ ಏನೇನು ಕೈಕೊಡ್ತು ಅಂತ ಹೇಳ್ತೀನಿ. ಮೊಬೈಲ್ ಆ್ಯಪು ಸಿರ್ಸಿ ಅಂತ ಹಾಕಿದ್ರೆ ಇಡೀ ಸೀಮೆಗೆ ಒಂದೇ ಲೆಕ್ಕ ತೋರಿಸತ್ತೆ, ನಮ್ಮ ಕಡೆ ಗುಡ್ಡದ ಮೇಲೊಂದು ಹವೆ, ತೋಟದಲ್ಲೊಂದು ಹವೆ, ಅದಕ್ಕೆ ಇದು ಹೇಗೆ ಗೊತ್ತಾಗತ್ತೆ? ವಾಟ್ಸಾಪ್ ಗ್ರೂಪಲ್ಲಿ ಬೆಳಿಗ್ಗೆ ಬರೋ ಮಂಜಿನ ಫೋಟೋದಲ್ಲಿ ಅರ್ಧಕ್ಕರ್ಧ ಹಿಂದಿನ ದಿನದ್ದು, ಕೆಲವು ಹಿಂದಿನ ವರ್ಷದ್ದು. ಬೆಳಿಗ್ಗೆ ಎದ್ದು ಅಂಗಳ ನೋಡಿ ತೀರ್ಮಾನ ಮಾಡೋದೂ ಆಗಲ್ಲ. ನಮ್ಮನೆ ತೋಟದ ಪಕ್ಕ ತಗ್ಗಲ್ಲಿದೆ, ರಾತ್ರಿ ತಣ್ಣನೆ ಗಾಳಿ ಇಳಿದು ಬಂದು ತಗ್ಗಲ್ಲೇ ಕೂರತ್ತೆ, ಹಾಗಾಗಿ ಅಂಗಳದಲ್ಲಿ ಕೈ ಚಾಚಿದ್ರೆ ಕೈ ಕಾಣದ ದಿನ ಮೇಲೆ ಡಾಂಬರ್ ರಸ್ತೆ ಹತ್ತಿದ್ರೆ ಆಕಾಶ ನೀಲಿ ಇದ್ದಿದ್ದೂ ಇದೆ, ಅದರ ಉಲ್ಟಾನೂ ಇದೆ. ಇನ್ನು ಬಾಸ್‌ಗೆ ಬೆಳಿಗ್ಗೆ ಏಳೂವರೆಗೆ ಫೋನ್ ಮಾಡಿ ಸರ್ ಮಂಜು ಅಂದ್ರೆ, "ಎಂಥಾ ಮಂಜು ಮಾರಾಯ, ಇಲ್ಲಿ ಫ್ಯಾನ್ ಹಾಕ್ಕೊಂಡು ಕೂತಿದ್ದೀವಿ" ಅನ್ನೋರು. ಕುಮಟಾದಲ್ಲಿ ಕೂತೋರಿಗೆ ಘಟ್ಟದ ಮೇಲಿನ ಚಳಿ ಹೇಗೆ ಗೊತ್ತಾಗಬೇಕು ಪಾಪ, ಅವರದ್ದೂ ತಪ್ಪಲ್ಲ.

ಈಗ ನನ್ನ ಲೆಕ್ಕ. ಎರಡು ಸಾದಾ ಥರ್ಮಾಮೀಟರು, ಒಂದರ ಬುಡಕ್ಕೆ ತೆಳು ಮಲ್ ಬಟ್ಟೆ ಸುತ್ತಿ ಬಟ್ಟೆ ತುದಿ ನೀರಿನ ಬಾಟಲೀಲಿ ಇಳಿಬಿಟ್ಟಿದ್ದು. ಜತೆಗೆ ಕನಿಷ್ಠ ಗರಿಷ್ಠ ತೋರಿಸೋದೊಂದು. ಎಲ್ಲ ಸೇರಿ ಸಾವಿರದ ಇನ್ನೂರೋ ಮುನ್ನೂರೋ ಆಯ್ತು. ರಾತ್ರಿ ಒಂಬತ್ತಕ್ಕೆ ಒಣಗಿದ್ದು ಎಷ್ಟು, ಒದ್ದೇದು ಎಷ್ಟು ನೋಡೋದು, ಅಂತರದಿಂದ ಟೇಬಲ್ ನೋಡಿ ಡ್ಯೂ ಪಾಯಿಂಟ್ (ಗಾಳಿ ಎಷ್ಟಕ್ಕೆ ತಣಿದ್ರೆ ಅದರಲ್ಲಿರೋ ತೇವ ಹನಿ ಕಟ್ಟೋಕೆ ಶುರುವಾಗತ್ತೋ ಆ ಉಷ್ಣಾಂಶ) ತೆಗೆಯೋದು, ಅದನ್ನ ಹಿಂದಿನ ರಾತ್ರಿಯ ಕನಿಷ್ಠಕ್ಕೆ ಹೋಲಿಸೋದು. ನಿನ್ನೆ ರಾತ್ರಿ 14ಕ್ಕೆ ಇಳಿದಿತ್ತು, ಇವತ್ತು ಸಂಜೆ ಡ್ಯೂ ಪಾಯಿಂಟ್ 16 ಬಂತು, ಆಕಾಶದಲ್ಲಿ ಮೋಡ ಇಲ್ಲ ಅಂದ್ರೆ ನಾಳೆ ಮನೇಲೇ. ಡ್ಯೂ ಪಾಯಿಂಟ್ 11, 12 ಬಂದ್ರೆ ಕಣ್ಮುಚ್ಚಿ ಅಲಾರಂ ಇಡ್ತೀನಿ, ಹೋಗೋದೇ. ಟೇಬಲ್ ನೋಡೋಕೆ ಬೇಜಾರಾದ್ರೆ ಡಿಜಿಟಲ್ ಮೀಟರಲ್ಲಿ ತೇವಾಂಶ ನೋಡಿ, ನೂರರಿಂದ ಎಷ್ಟು ಕಡಿಮೆ ಇದೆಯೋ ಅದನ್ನ ಐದರಿಂದ ಭಾಗಿಸಿ ಉಷ್ಣಾಂಶದಿಂದ ಕಳೀರಿ. 19 ಡಿಗ್ರಿ, ತೇವಾಂಶ 85 ಅಂದ್ರೆ ಮೂರು ಕಳೆದು 16. ತೇವಾಂಶ ಐವತ್ತರ ಮೇಲಿದ್ರೆ ಈ ಲೆಕ್ಕ ನಡೆಯತ್ತೆ, ನಮ್ಮ ಕಡೆ ರಾತ್ರಿ ಐವತ್ತರ ಕೆಳಗೆ ಇಳಿಯೋದೇ ಅಪರೂಪ.

ಡಿಜಿಟಲ್ ಮೀಟರ್ ವಿಷಯ ಬಂತಲ್ಲ, ಅದನ್ನ ಹಾಗೇ ನಂಬಬೇಡಿ. ನಾನು ನಾನೂರು ರೂಪಾಯಿದು ತರಿಸಿದ್ದೆ, ಯಾವಾಗ ನೋಡಿದ್ರೂ ಎಂಬತ್ತೈದರ ಮೇಲೆ. ಉಪ್ಪಿನ ಪರೀಕ್ಷೆ ಮಾಡಿದೆ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಒದ್ದೆ ಮರಳಿನ ಹಾಗೆ ಆಗೋವಷ್ಟೇ ನೀರು ಬಿಟ್ಟು, ಮೀಟರ್ ಜತೆ ಗಾಳಿ ಹೋಗದ ಡಬ್ಬೀಲಿ ಹಾಕಿ ಒಂದು ರಾತ್ರಿ ಬಿಡೋದು. ಒಳಗಿನ ತೇವಾಂಶ ಎಪ್ಪತ್ತೈದಕ್ಕೆ ನಿಲ್ಲತ್ತೆ, ಮೀಟರೂ ಅಷ್ಟೇ ತೋರಿಸಬೇಕು. ನಂದು ಎಂಬತ್ತೊಂದೋ ಎರಡೋ ತೋರಿಸ್ತು, ಅಂದ್ರೆ ಆರೇಳು ಜಾಸ್ತಿ. ಅದನ್ನ ಸ್ಟಿಕ್ಕರಲ್ಲಿ ಬರೆದು ಹಿಂದೆ ಅಂಟಿಸಿದ್ದೀನಿ, ಆರು ತಿಂಗಳಿಗೊಮ್ಮೆ ಮತ್ತೆ ಡಬ್ಬಿಗೆ.

ಥರ್ಮಾಮೀಟರ್ ಎಲ್ಲಿ ನೇತು ಹಾಕ್ತೀರಿ ಅನ್ನೋದ್ರಲ್ಲೇ ಅರ್ಧ ಕೆಲಸ ಇದೆ. ಮೊದಲು ಮಾಳಿಗೆ ಕಿಟಕಿ ಹೊರಗೆ ಹಾಕಿದ್ದೆ, ಗೋಡೆ ಹಗಲು ಕುಡಿದ ಬಿಸಿಲನ್ನ ರಾತ್ರಿ ಬಿಡ್ತಾ ಇರತ್ತೆ, ಎರಡು ಡಿಗ್ರಿ ಜಾಸ್ತಿ ತೋರಿಸ್ತಿತ್ತು, ಆ ತಿಂಗಳ ಲೆಕ್ಕ ಪೂರ್ತಿ ವೇಸ್ಟು. ಆಮೇಲೆ ಹಣ್ಣಿನ ಕ್ರೇಟ್ ಒಂದಕ್ಕೆ ಬಿಳಿ ಬಣ್ಣ ಹೊಡೆದು, ಮೇಲೆ ಹಾಳೆ ಮುಚ್ಚಿ, ಗೋಡೆಯಿಂದ ದೂರ ಎದೆಮಟ್ಟದ ಗೂಟಕ್ಕೆ ಕಟ್ಟಿದೆ. ಅವತ್ತಿಂದ ಲೆಕ್ಕ ಕೂರೋಕೆ ಶುರುವಾಯ್ತು.

ಗಾಳಿ ನೋಡೋಕೆ ನಾನು ಊದಬತ್ತಿ ಹಚ್ತೀನಿ. ಹೊಗೆ ನೆಟ್ಟಗೆ ಮೇಲೆ ಹೋದ್ರೆ ಮಂಜಿಗಿಂತ ಇಬ್ಬನಿ ಜಾಸ್ತಿ, ಎಲೆ ತೊಟ್ಟಿಕ್ಕತ್ತೆ ರಸ್ತೆ ಕಾಣತ್ತೆ. ಹೊಗೆ ಸ್ವಲ್ಪ ವಾಲಿ ನಿಧಾನ ಹೋದ್ರೆ ಅದೇ ಮಂಜಿನ ಗಾಳಿ. ಕಿತ್ತುಕೊಂಡು ಹೋದ್ರೆ ಮಂಜು ನಿಲ್ಲಲ್ಲ. ಚಳಿ ಜಾಸ್ತಿ ಅಂದ್ರೆ ಮಂಜು ಜಾಸ್ತಿ ಅಂತ ಎಲ್ಲರೂ ಅಂದ್ಕೋತಾರೆ, ಅದೂ ಸುಳ್ಳು. ನಮ್ಮ ಕಡೆ ಮಳೆ ಬಿಟ್ಟ ಮೇಲೆ ಅಕ್ಟೋಬರ್ ಕೊನೆ, ನವೆಂಬರಲ್ಲಿ ನೆಲದಲ್ಲಿ ಇನ್ನೂ ಪಸೆ ಇರತ್ತೆ, ಆಗ ಹದಿನೆಂಟು ಡಿಗ್ರಿಗೇ ಗಟ್ಟಿ ಮಂಜು. ಜನವರೀಲಿ ಮೂಡಣದ ಒಣಗಾಳಿ ಶುರುವಾದ್ರೆ ಹನ್ನೆರಡಕ್ಕೆ ಇಳಿದು ಹಲ್ಲು ಕಟಕಟ ಅಂದ್ರೂ ರಸ್ತೆ ಕನ್ನಡಿ.

ಎರಡೂ ಅಲ್ಲದ ರಾತ್ರಿ ಬರತ್ತೆ, ಡ್ಯೂ ಪಾಯಿಂಟೂ ಕನಿಷ್ಠಾನೂ ಹತ್ತಿರ ಹತ್ತಿರ. ಆವಾಗ ಮಾತ್ರ ಬೆಳಿಗ್ಗೆ ಆರೂವರೆಗೆ ಮೇಲಿನ ರಸ್ತೆಗೆ ಹೋಗಿ ಕರೆಂಟ್ ಕಂಬ ಎಣಿಸ್ತೀನಿ. ಟೇಪ್ ಹಿಡಿದು ಅಳೆದಿದ್ದೀನಿ, ನಮ್ಮಲ್ಲಿ ಕಂಬದಿಂದ ಕಂಬಕ್ಕೆ ನಲವತ್ತೈದು ಮೀಟರ್ ಆಸುಪಾಸು. ಐದನೇ ಕಂಬ ಕಂಡ್ರೆ 200 ಮೀಟರ್ ದಾಟಿ ಕಾಣ್ತಿದೆ ಅಂತ ಅರ್ಥ, ಹೊರಡೋದು. ಇದರ ಜತೆ ಘಟ್ಟದ ಕಡೆ ಇರೋ ಒಬ್ಬರಿಗೆ ಒಂದು ಫೋನು, ಒಂದೇ ಪ್ರಶ್ನೆ. ಯಾರು, ಏನು ಕೇಳ್ತೀನಿ ಅನ್ನೋದು ನನ್ನ ಹತ್ರಾನೇ ಇರಲಿ, ಎಲ್ಲರೂ ಆರೂವರೆಗೆ ಫೋನ್ ಮಾಡೋಕೆ ಶುರು ಮಾಡಿದ್ರೆ ಅವರು ಎತ್ತೋದೇ ಬಿಡ್ತಾರೆ. ಮೋಡ ಅರ್ಧಂಬರ್ಧ ಇದ್ದ ರಾತ್ರಿಗೂ ಒಂದು ಗುರುತು ಹಿಡ್ಕೊಂಡಿದ್ದೀನಿ, ಇನ್ನೊಂದು ಚಳಿಗಾಲ ನೋಡದೆ ಹೇಳಲ್ಲ.

ಹೋಗ್ಲೇಬೇಕಾದ ದಿನಕ್ಕೆ ಅಂತ ಕಾರಿನ ಮೇಲೂ ಸುಮಾರು ಪ್ರಯೋಗ ಆಯ್ತು. ಲೈಟಿಗೆ ಹಳದಿ ಹಾಳೆ ಅಂಟಿಸಿದ್ರೆ ಕಾಣತ್ತೆ ಅಂತಾರೆ, ನನಗೆ ಫರಕ್ ಕಾಣಲಿಲ್ಲ, ಲೈಟ್ ಬಂಪರಿನ ಕೆಳಗೆ ತಗ್ಗಲ್ಲಿ ಕೂರಿಸಿದ್ಮೇಲೆ ಬಿಳೀದೇ ಚೆನ್ನಾಗಿ ಕಾಣತ್ತೆ, ಎರಡೂವರೆ ಸಾವಿರ ಖರ್ಚು. ಹೈಬೀಮ್ ಹಾಕಿದ್ರೆ ಮುಂದೆ ಬಿಳಿ ಗೋಡೆ ಎದ್ದು ನಿಲ್ಲತ್ತೆ, ಅದು ಎಲ್ಲರಿಗೂ ಗೊತ್ತು. ಗಾಜಿನ ಒಳಗೆ ಆಲೂಗಡ್ಡೆ ಹೋಳು ತಿಕ್ಕಿ ನೋಡಿದೆ, ಅರ್ಧ ಗಂಟೆ ನಡೀತು, ಆಮೇಲೆ ಎದುರು ಲೈಟ್ ಬಿದ್ದಾಗ ಗಾಜೆಲ್ಲ ಮಬ್ಬು. ಎಸಿ ಹಾಕಿ ಹೊರಗಿನ ಗಾಳಿ ಬಿಡೋದೇ ಸರಿ.

ಮನೇಲಿ ಕೂರೋದೂ ಪುಕ್ಕಟೆ ಅಲ್ಲ. ಇನ್ವರ್ಟರು, 150 ಆಂಪಿಯರ್ ಅವರ್ ಟ್ಯೂಬುಲರ್ ಬ್ಯಾಟರಿ ಸೇರಿ ಇಪ್ಪತ್ಮೂರು ಇಪ್ಪತ್ನಾಲ್ಕು ಸಾವಿರ, ಫೈಬರ್ ನೆಟ್ಟು ತಿಂಗಳಿಗೆ ಏಳುನೂರರ ಹತ್ರ. ದೊಡ್ಡ ಡ್ರಾಯಿಂಗ್ ಫೈಲು ಬೆಳಿಗ್ಗೆ ಇಳಿಸ್ತಾ ಕೂತ್ರೆ ಹತ್ತು ಗಂಟೆ ಆಗತ್ತೆ, ಹಾಗಾಗಿ ಮನೆ ಅಂತ ತೀರ್ಮಾನ ಆದ ತಕ್ಷಣ ರಾತ್ರೀನೇ ಸಿಂಕ್‌ಗೆ ಹಾಕಿ ಮಲಗೋದು. ಇದಕ್ಕಿಂತ ಕಷ್ಟ ಕೊಯ್ಲಿನ ಟೈಮು. ಗಂಡಸು ಮನೇಲಿದ್ದಾನೆ ಅಂದ್ರೆ ಅಡಕೆ ಹರವೋಕೂ ಕರೀತಾರೆ, ಬಾಳೆಕಾಯಿ ಕೊಯ್ಯೋಕೂ ಕರೀತಾರೆ. ಈಗ ಮಾಳಿಗೆ ಬಾಗಿಲು ಹಾಕಿದ್ರೆ ಮಧ್ಯಾಹ್ನ ಊಟಕ್ಕೇ ಇಳಿಯೋದು ಅಂತ ಆಯಿಗೆ (ಅಮ್ಮಂಗೆ) ಹೇಳಿ ಇಟ್ಟಿದ್ದೀನಿ, ಅವಳೇ ಕಾವಲು.

ಬಾಸ್ ಒಪ್ಪಿದ್ದು ಹೇಗೆ ಅಂತ ಬಹಳ ಜನ ಕೇಳ್ತಾರೆ. ನಾನು ಚರ್ಚೆ ಮಾಡಲಿಲ್ಲ. ಒಂದು ತಿಂಗಳು ಪ್ರತಿ ರಾತ್ರಿ ಒಂಬತ್ತೂಕಾಲಿಗೆ ಮೆಸೇಜು: ನಾಳೆ ಮಂಜು, ನಾಳೆ ಇಲ್ಲ. ಬೆಳಿಗ್ಗೆ ಕಂಬದ ಫೋಟೋ ಟೈಮ್ ಸಮೇತ. ಮಂಜು ಅಂದ ದಿನಾನೂ ಹೋದೆ, ಲೇಟಾಗೇ ಹೋದೆ, ದುಡ್ಡು ಕಟ್ಟಾಯ್ತು, ಆದ್ರೆ ತಿಂಗಳ ಕೊನೆಗೆ ಅವರೇ ಕರೆದು ರಾತ್ರಿ ಹತ್ತರೊಳಗೆ ತಿಳಿಸಿದ್ರೆ ಮನೆಯಿಂದ ಮಾಡು, ಬೆಳಿಗ್ಗೆ ಫೋನ್ ಮಾಡೋ ಹಾಗಿಲ್ಲ ಅಂದ್ರು. ಮುಂಚೆ ಗೊತ್ತಾದ್ರೆ ಅವರಿಗೂ ಸೈಟಿಗೆ ಬೇರೆಯವರನ್ನ ಕಳಿಸೋಕೆ ಆಗತ್ತಲ್ಲ. ಈ ಚಳಿಗಾಲ ಕಟ್ಟಾಗಿದ್ದು ಹೆಚ್ಚುಕಡಿಮೆ ಏನೂ ಇಲ್ಲ, ಪೆಟ್ರೋಲಲ್ಲಿ ಹತ್ತು ಸಾವಿರದ ಮೇಲೆ ಉಳೀತು. ಲೆಕ್ಕ ತಪ್ಪೋದು ಹೆಚ್ಚಾಗಿ ಮಧ್ಯರಾತ್ರಿ ಮೇಲೆ ಮೋಡ ಬಂದಾಗ, ಮೋಡ ಮುಚ್ಚಿದ್ರೆ ನೆಲ ತಣಿಯಲ್ಲ, ನಾನು ಮನೇಲಿ ಕೂತಿರ್ತೀನಿ ರಸ್ತೆ ಖಾಲಿ ಇರತ್ತೆ. ಕೆಲಸ ಅಂತೂ ಆಗತ್ತೆ.

ಅಪ್ಪಯ್ಯ ಮೊದಲೆಲ್ಲ "ಅಡಕೆ ಮುಟ್ಟಿದ್ರೆ ಗೊತ್ತಾಗ್ತು, ಯಂತ್ರ ಎಂತಕ್ಕೆ" ಅಂತಿದ್ರು. ಈಗ ಅಂಗಳದಲ್ಲಿ ಒಣಗೋಕೆ ಹರವಿದ ಚಾಲಿ ಅಡಕೆ ರಾತ್ರಿ ಗುಡ್ಡೆ ಮಾಡಿ ಮುಚ್ಚಬೇಕಾ ಹಾಗೇ ಬಿಡಬಹುದಾ ಅಂತ ನಿರ್ಧಾರ ಮಾಡೋಕೆ ಅವರೇ ಸಂಜೆ ಕೇಳ್ತಾರೆ, "ಇವತ್ತು ಎಷ್ಟಿದ್ದು?" ಅಂತ. ಇದನ್ನ ನಾನು ಯೋಚನೆ ಮಾಡಿರಲಿಲ್ಲ, ಆದ್ರೆ ತಾಡಪಾಲು ಎಳೆಯೋ ಕೆಲಸ ವಾರದಲ್ಲಿ ಎರಡು ರಾತ್ರಿನಾದ್ರೂ ಉಳೀತಿದೆ.

ಮಳೆಗಾಲಕ್ಕೆ ಈ ಲೆಕ್ಕ ತರಬೇಡಿ. ಅಲ್ಲಿ ಪ್ರಶ್ನೆ ಮಂಜಲ್ಲ, ಗುಡ್ಡ. 2024ರ ಜುಲೈ 16ಕ್ಕೆ ಅಂಕೋಲಾ ಹತ್ರ ಶಿರೂರಲ್ಲಿ ಹೆದ್ದಾರಿ 66ರ ಮೇಲೆ ಗುಡ್ಡ ಬಂದ ಮೇಲೆ ನಂದು ಒಂದೇ ನಿಯಮ, ಬೆಳಿಗ್ಗೆ ಎಂಟೂವರೆ ಮಳೆ ಲೆಕ್ಕದಲ್ಲಿ ಹಿಂದಿನ 24 ಗಂಟೇದು 115 ಮಿಲಿಮೀಟರ್ ದಾಟಿದ್ರೆ ಮರುದಿನಾನೂ ಘಟ್ಟ ಇಳಿಯಲ್ಲ, ರೆಡ್ ಅಲರ್ಟ್ ಇದ್ರೆ ಮಾತೇ ಇಲ್ಲ. ಸಂಬಳ ಕಟ್ ಆದ್ರೆ ಆಗ್ಲಿ.

ಮುಂದಿನ ನವೆಂಬರ್ ಒಳಗೆ ಇನ್ನೊಂದು ಕ್ರೇಟು ಘಟ್ಟದ ದಾರೀಲಿರೋ ರಾಗಿಹೊಸಳ್ಳಿ ಕಡೆ ಪರಿಚಯದವರ ಮನೇಲಿ ಕಟ್ಟೋದಿದೆ, ಎರಡೂ ಜಾಗದ ಅಂಕಿ ರಾತ್ರಿ ಒಟ್ಟಿಗೆ ನೋಡಿದ್ರೆ ಆ ಎರಡೂ ಅಲ್ಲದ ರಾತ್ರಿಗಳು ಇನ್ನೂ ಕಡಿಮೆ ಆಗಬೇಕು. ಥರ್ಮಾಮೀಟರ್ ಆಗಲೇ ತಂದಿದ್ದೀನಿ, ಈ ಸಲ ಜೋಡಿಗೆ ಐನೂರೈವತ್ತು ತಗೊಂಡ್ರು.